ನೈನರ್ಸ್ ಡ್ರಾಫ್ಟ್ 2025: ಹನ್ನೊಂದನೇ ಆಯ್ಕೆ ಯಾರಿಗೆ ಸಲ್ಲಬೇಕು?

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 13)

ಅಮೆರಿಕನ್ ಫುಟ್‌ಬಾಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಇನ್ನು ಹನ್ನೊಂದು ದಿನ. ಮೊದಲ ಸುತ್ತಿನಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ಸರದಿ ಹನ್ನೊಂದನೆಯದು. ಏಳೂ ಸುತ್ತುಗಳನ್ನು ಕೂಡಿಸಿದರೆ ನಮ್ಮ ಪಾಲಿನ ಆಯ್ಕೆಗಳೂ ಹನ್ನೊಂದು. ಆರು ಪಂದ್ಯ ಗೆದ್ದು ಹನ್ನೊಂದನ್ನು ಸೋತ 2024ರ ವರ್ಷಕ್ಕೆ ಸಿಕ್ಕಿರುವ ಪರಿಹಾರ ಇದೊಂದೇ. ಇಷ್ಟು ಮೇಲಿನ ಆಯ್ಕೆ ನಮಗೆ ಮತ್ತೆ ಸಿಗದಿರಲಿ ಎಂದೇ ಹಾರೈಸುತ್ತೇನೆ, ಹಾಗಾಗಿ ಈ ಸಲ ಕೈ ತಪ್ಪಬಾರದು.

ನನ್ನ ಮಾತು ಇಷ್ಟೇ: ಟ್ಯಾಕಲ್ ತರಬೇಕು, ಅಂದರೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ತುದಿಯಲ್ಲಿ ನಿಲ್ಲುವವನನ್ನು. ಟ್ರೆಂಟ್ ವಿಲಿಯಮ್ಸ್‌ಗೆ ಬರುವ ಜುಲೈಯಲ್ಲಿ 37 ತುಂಬುತ್ತದೆ. ಕಳೆದ ವರ್ಷ ಹತ್ತು ಪಂದ್ಯ ಆಡಿದ ಮೇಲೆ ಕಾಲು ಕೈಕೊಟ್ಟಿತು. ಅವರಂಥ ಎಡ ಟ್ಯಾಕಲ್ ನಮ್ಮ ಕಾಲದಲ್ಲಿ ಇನ್ನೊಬ್ಬರಿಲ್ಲ, ಆದರೆ ವಯಸ್ಸು ಯಾರ ಮಾತನ್ನೂ ಕೇಳುವುದಿಲ್ಲ. ಟ್ಯಾಕಲ್ ಪಕ್ಕದಲ್ಲಿ ನಿಲ್ಲುವ ಎಡ ಗಾರ್ಡ್ ಏರನ್ ಬ್ಯಾಂಕ್ಸ್ ಗ್ರೀನ್ ಬೇಗೆ ಹೊರಟುಹೋದರು. ಟ್ರೆಂಟ್ ಇಲ್ಲದಾಗ ಆ ಜಾಗ ತುಂಬುತ್ತಿದ್ದ ಜೇಲನ್ ಮೂರ್ ಕ್ಯಾನ್ಸಸ್ ಸಿಟಿಗೆ ಹೋದರು. ಬಲಗಡೆ ಇರುವ ಕೋಲ್ಟನ್ ಮೆಕಿವಿಟ್ಸ್ ಐದನೇ ಸುತ್ತಿನಲ್ಲಿ ಬಂದವರು. ತಮ್ಮ ಅಳತೆಗೆ ಮೀರಿ ದುಡಿದಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಗೆ ದೊಡ್ಡ ಒಪ್ಪಂದ ಕೊಡಲು ಹೊರಟಿರುವ ತಂಡ ಅವರ ಮುಂದೆ ನಿಲ್ಲುವ ಗೋಡೆಯನ್ನು ಹೀಗೆ ತೇಪೆ ಹಾಕಿ ಬಿಡಬಾರದು.

2024ರ ಫೆಬ್ರವರಿ 11ರ ಲಾಸ್ ವೇಗಸ್ ರಾತ್ರಿಯನ್ನು ಯಾರು ಮರೆತಿದ್ದಾರೆ? ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಹೆಚ್ಚುವರಿ ಅವಧಿ. ಮೂರನೇ ಡೌನ್, ಅಂದರೆ ಮುಂದೆ ಸಾಗುವ ಮೂರನೇ ಪ್ರಯತ್ನ, ಬೇಕಾಗಿದ್ದದ್ದು ನಾಲ್ಕು ಗಜ, ಗೋಲ್ ಗೆರೆಗೆ ಉಳಿದದ್ದು ಒಂಬತ್ತು ಗಜ. ಕ್ಯಾನ್ಸಸ್ ಸಿಟಿಯ ಕ್ರಿಸ್ ಜೋನ್ಸ್‌ಗೆ ಯಾರೂ ಅಡ್ಡ ನಿಲ್ಲಲಿಲ್ಲ. ಅವರು ನೇರವಾಗಿ ಪರ್ಡಿಯ ಮುಖದ ಮೇಲೆಯೇ ಬಂದರು. ಚೆಂಡು ನೆಲಕ್ಕೆ ಬಿತ್ತು, ಮೂರು ಅಂಕಕ್ಕೆ ತೃಪ್ತಿಪಟ್ಟೆವು, 25–22ರಿಂದ ಸೋತೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಒಂದು ಕ್ಷಣ ಒಬ್ಬ ಲೈನ್ ಆಟಗಾರ ಸರಿಯಾದ ಕಡೆ ತಿರುಗಿದ್ದರೆ ನಮ್ಮ ಬಳಿ ಆರನೇ ಟ್ರೋಫಿ ಇರುತ್ತಿತ್ತೆಂದು ನಾನು ಇವತ್ತಿಗೂ ನಂಬುತ್ತೇನೆ.

ತರಬೇತುದಾರ ಕೈಲ್ ಶನಹಾನ್ ಮತ್ತು ವ್ಯವಸ್ಥಾಪಕ ಜಾನ್ ಲಿಂಚ್ 2017ರಿಂದ ಇಲ್ಲಿದ್ದಾರೆ. ಮೊದಲ ಸುತ್ತಿನಲ್ಲಿ ಆಕ್ರಮಣ ಲೈನ್‌ಗೆಂದು ಅವರು ಆರಿಸಿದ್ದು ಒಬ್ಬರನ್ನೇ, 2018ರಲ್ಲಿ ಮೈಕ್ ಮೆಕ್‌ಗ್ಲಿಂಚಿಯನ್ನು. ಇನ್ನೂ ನೋಯುವ ಸಂಗತಿಯೊಂದಿದೆ. 2020ರಲ್ಲಿ ಡಿಫಾರೆಸ್ಟ್ ಬಕ್ನರ್ ಅವರನ್ನು ಬಿಟ್ಟುಕೊಟ್ಟು ಪಡೆದ 13ನೇ ಆಯ್ಕೆಯನ್ನು ಟ್ಯಾಂಪಾ ಬೇಗೆ ಕೊಟ್ಟು ಒಂದು ಮೆಟ್ಟಿಲು ಕೆಳಗಿಳಿದೆವು. ಟ್ಯಾಂಪಾ ಆ ಜಾಗದಲ್ಲಿ ತೆಗೆದುಕೊಂಡದ್ದು ಟ್ರಿಸ್ಟನ್ ವರ್ಫ್ಸ್ ಎಂಬ ಟ್ಯಾಕಲ್‌ನನ್ನು. ಅದೇ ಋತುವಿನಲ್ಲಿ ಅವರು ಸೂಪರ್ ಬೌಲ್ ಗೆದ್ದರು. ನಾವು 14ರಲ್ಲಿ ತಂದ ಜಾವೋನ್ ಕಿನ್ಲಾ ಮೊಣಕಾಲಿನ ನೋವಿನಲ್ಲೇ ನಮ್ಮ ವರ್ಷಗಳನ್ನು ಕಳೆದರು.

ಟೆಕ್ಸಸ್ ವಿಶ್ವವಿದ್ಯಾಲಯದ ಕೆಲ್ವಿನ್ ಬ್ಯಾಂಕ್ಸ್ ನನ್ನ ಮೊದಲ ಆಯ್ಕೆ. ಮೂರು ವರ್ಷ ಎಡ ಟ್ಯಾಕಲ್ ಆಗಿ ನಿಂತವನು, 2024ರ ಔಟ್‌ಲ್ಯಾಂಡ್ ಮತ್ತು ಲೊಂಬಾರ್ಡಿ ಪ್ರಶಸ್ತಿ ಎರಡನ್ನೂ ಗೆದ್ದವನು. ಅವನು ಸಿಗದಿದ್ದರೆ ಮಿಸೌರಿಯ ಅರ್ಮಾಂಡ್ ಮೆಂಬೂ. ನಿಮ್ಮ ಅಭಿಪ್ರಾಯ ತಿಳಿಸಿ.

ಕೆಂಪು ಬಂಗಾರ (ಏಪ್ರಿಲ್ 13)

ಗೋಡೆಯ ಮಾತು ಸರಿ. ಆದರೆ ಕುಸಿದದ್ದು ಯಾವ ಗೋಡೆ ಎಂದು ನೋಡಿ.

ನವೆಂಬರ್‌ನಲ್ಲಿ ಗ್ರೀನ್ ಬೇ ನಮ್ಮನ್ನು 38–10ರಿಂದ ಹೊಡೆಯಿತು. ಜೋಶ್ ಜೇಕಬ್ಸ್ ಮೂರು ಸಲ ಓಡಿಕೊಂಡೇ ಗೆರೆ ದಾಟಿದರು. ಮುಂದಿನ ವಾರ ಬಫಲೋ ಹಿಮದಲ್ಲಿ 35–10. ಜೇಮ್ಸ್ ಕುಕ್ 65 ಗಜ ಓಡುವಾಗ ಅವರನ್ನು ಮುಟ್ಟುವವರೇ ಇರಲಿಲ್ಲ. ಇಷ್ಟರ ಮೇಲೆ ಈ ಮಾರ್ಚ್‌ನಲ್ಲಿ ಜಾವೋನ್ ಹಾರ್ಗ್ರೇವ್, ಮಲೀಕ್ ಕಾಲಿನ್ಸ್, ಲೆನರ್ಡ್ ಫ್ಲಾಯ್ಡ್ ಮೂವರನ್ನೂ ಕೈಬಿಟ್ಟರು. ಹಿಂದಿನ ಸಾಲಿನಿಂದ ಡ್ರೆ ಗ್ರೀನ್‌ಲಾ ಮತ್ತು ತಲನೋವ ಹುಫಂಗಾ ಡೆನ್ವರ್‌ಗೆ ಹೋದರು, ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ. ಮುಂಚೂಣಿಯಲ್ಲಿ ಉಳಿದವರಲ್ಲಿ ಎದುರಾಳಿ ಹೆದರುವ ಹೆಸರು ನಿಕ್ ಬೋಸಾ ಒಬ್ಬರದೇ. ಒಬ್ಬರ ಮೇಲೆ ಇಬ್ಬರನ್ನು ಬಿಟ್ಟರೆ ಅಲ್ಲಿಗೆ ನಮ್ಮ ರಕ್ಷಣೆಯ ಕಥೆ ಮುಗಿಯಿತು.

ಎರಡು ತಿಂಗಳ ಹಿಂದಿನ ಸೂಪರ್ ಬೌಲ್ ನೋಡಿದಿರಲ್ಲವೇ? ಫಿಲಡೆಲ್ಫಿಯಾ 40, ಕ್ಯಾನ್ಸಸ್ ಸಿಟಿ 22. ಹೆಚ್ಚುವರಿ ಆಟಗಾರರನ್ನು ಒಮ್ಮೆಯೂ ನುಗ್ಗಿಸದೆ, ನಾಲ್ವರೇ ಸೇರಿ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಅವರನ್ನು ಆರು ಸಲ ಕೆಡವಿದರು. ನಮ್ಮ ಆಟವೂ ಅದೇ ಆಗಿತ್ತು. 2019ರಲ್ಲಿ ಬೋಸಾ, ಬಕ್ನರ್, ಆರಿಕ್ ಆರ್ಮ್‌ಸ್ಟೆಡ್, ಡೀ ಫೋರ್ಡ್ ನಾಲ್ವರೂ ಮೊದಲ ಸುತ್ತಿನವರು. ಆಗ ರಕ್ಷಣಾ ಪಡೆಯ ತರಬೇತುದಾರರಾಗಿದ್ದ ರಾಬರ್ಟ್ ಸಾಲೆ ಈಗ ಮರಳಿ ಬಂದಿದ್ದಾರೆ. ಅಡುಗೆಯವರನ್ನು ಕರೆಸಿ ಅಕ್ಕಿ ಕೊಡದಿದ್ದರೆ ಹೇಗೆ?

ಮಿಶಿಗನ್‌ನ ಮೇಸನ್ ಗ್ರಹಾಂ ಹನ್ನೊಂದರವರೆಗೆ ಉಳಿದರೆ ಒಂದು ಕ್ಷಣವೂ ಯೋಚಿಸಬಾರದು. ಶಾಲೆಯಲ್ಲಿ ಕುಸ್ತಿ ಆಡಿದ ಹುಡುಗ, ನೆಲಕ್ಕೆ ಹತ್ತಿರವಾಗಿ ನಿಂತು ಎದುರಾಳಿಯ ತೂಕವನ್ನೇ ತಿರುಗಿಸುವ ವಿದ್ಯೆ ಅವನಿಗೆ ಗೊತ್ತು. ಉಳಿಯದಿದ್ದರೆ ಜಾರ್ಜಿಯಾದ ಮೈಕೆಲ್ ವಿಲಿಯಮ್ಸ್.

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 13)

ನೀವು ಹೇಳಿದ ಎರಡೂ ಪಂದ್ಯಗಳಲ್ಲಿ ಬೋಸಾ ಗಾಯದಿಂದ ಹೊರಗಿದ್ದರು, ಟ್ರೆಂಟ್ ವಿಲಿಯಮ್ಸ್ ಕೂಡ. ಅದನ್ನೂ ಹೇಳಬೇಕಿತ್ತು. ಫಿಲಡೆಲ್ಫಿಯಾ ಗೆದ್ದದ್ದು ನಾಲ್ವರು ನುಗ್ಗಿದ್ದರಿಂದ ಮಾತ್ರವಲ್ಲ. ಅವರ ಬಲ ಟ್ಯಾಕಲ್ ಲೇನ್ ಜಾನ್ಸನ್ 2013ರ ನಾಲ್ಕನೇ ಆಯ್ಕೆ. ಹನ್ನೆರಡು ವರ್ಷದಿಂದ ಒಂದೇ ಕಡೆ ನಿಂತಿದ್ದಾರೆ. ಮೇಲಿನ ಆಯ್ಕೆಯನ್ನು ಟ್ಯಾಕಲ್‌ಗೆ ಕೊಟ್ಟರೆ ಸಿಗುವುದು ಇಂಥ ಹನ್ನೆರಡು ವರ್ಷ.

ಕೆಂಪು ಬಂಗಾರ (ಏಪ್ರಿಲ್ 13)

ಅದೇ ತಂಡದ ಎಡ ಟ್ಯಾಕಲ್ ಯಾರು? ಜೋರ್ಡನ್ ಮೈಲಾಟಾ. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದವರು, ಏಳನೇ ಸುತ್ತಿನಲ್ಲಿ 233ನೆಯವರಾಗಿ ಬರುವ ಮೊದಲು ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ. ನಮ್ಮ ಡಾಮಿನಿಕ್ ಪೂನಿ ಕಳೆದ ವರ್ಷ ಮೂರನೇ ಸುತ್ತಿನಲ್ಲಿ ಬಂದು ಮೊದಲ ದಿನದಿಂದಲೇ ಬಲ ಗಾರ್ಡ್ ಆದರು. ಲೈನ್ ಆಟಗಾರರನ್ನು ಕೆಳಗಿನ ಸುತ್ತುಗಳಲ್ಲಿ ಹುಡುಕಿ ತಿದ್ದಬಹುದು. 265 ಪೌಂಡ್ ತೂಗುತ್ತಾ ಚಿರತೆಯಂತೆ ಓಡುವವರು ಕೆಳಗಿನ ಸುತ್ತುಗಳಲ್ಲಿ ಸಿಗುವುದಿಲ್ಲ.

ಫ್ರೀಮಾಂಟ್‌ನ ಹೊಸ ನೋಡುಗಳು (ಏಪ್ರಿಲ್ 14)

ನಾನು ಈ ಆಟವನ್ನು ನೋಡಲು ಆರಂಭಿಸಿ ಎರಡು ವರ್ಷವಾಯಿತು. ಆಟ ಅರ್ಥವಾಗುತ್ತದೆ, ಡ್ರಾಫ್ಟ್ ಪೂರ್ತಿ ಅರ್ಥವಾಗಿಲ್ಲ. ಐಪಿಎಲ್‌ನಲ್ಲಿ ಹಣ ಇದ್ದವರು ಕೂಗಿ ಕೊಳ್ಳುತ್ತಾರೆ. ಇಲ್ಲಿ ಸೋತವರಿಗೆ ಮೊದಲ ಸರದಿ ಏಕೆ? ಆಟಗಾರನಿಗೆ ತನ್ನ ತಂಡವನ್ನು ಆರಿಸುವ ಹಕ್ಕೇ ಇಲ್ಲವೇ?

ಬೆಳಗಿನ ಐದೂವರೆ (ಏಪ್ರಿಲ್ 14)

ಒಳ್ಳೆಯ ಪ್ರಶ್ನೆ. ಒಂಬತ್ತು ವರ್ಷ ಸನ್ನಿವೇಲ್‌ನಲ್ಲಿದ್ದು ಈಗ ಮೈಸೂರಿನಲ್ಲಿದ್ದೇನೆ. ಡ್ರಾಫ್ಟ್ ಇಲ್ಲಿ ಶುಕ್ರವಾರ ಬೆಳಿಗ್ಗೆ ಐದೂವರೆಗೆ ಶುರುವಾಗುತ್ತದೆ, ಅದಕ್ಕೇ ಈ ಹೆಸರು.

ಶಾಲೆ ಮುಗಿಸಿ ಮೂರು ವರ್ಷ ಕಳೆದವರು ಮಾತ್ರ ಡ್ರಾಫ್ಟ್‌ಗೆ ಅರ್ಹರು, ಆ ಮೂರು ವರ್ಷ ಅವರು ಕಾಲೇಜು ತಂಡಗಳಲ್ಲಿ ಆಡುತ್ತಾರೆ. 32 ತಂಡಗಳಿವೆ. ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದ ತಂಡಕ್ಕೆ ಕೊನೆಯದು. ದುರ್ಬಲರು ಶಾಶ್ವತವಾಗಿ ದುರ್ಬಲರಾಗಿ ಉಳಿಯಬಾರದು ಎಂಬುದು ಇದರ ಹಿಂದಿನ ಲೆಕ್ಕ. ಆರಿಸಿಕೊಂಡ ತಂಡದೊಡನೆಯೇ ಹುಡುಗ ಒಪ್ಪಂದ ಮಾಡಿಕೊಳ್ಳಬೇಕು. ಅವನಿಗೆ ಆಯ್ಕೆಯಿಲ್ಲ ಎನ್ನುವುದು ನಿಜ, ಮತ್ತು ಅದು ನ್ಯಾಯವೇ ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ.

ಆದರೆ ಇದರ ಒಳಗುಟ್ಟು ಸಂಬಳದಲ್ಲಿದೆ. ಈ ವರ್ಷ ಒಂದು ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಮಿತಿ 27 ಕೋಟಿ 92 ಲಕ್ಷ ಡಾಲರ್. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಹೊಸಬರ ಸಂಬಳ ಆಯ್ಕೆಯ ಕ್ರಮಾಂಕದ ಪ್ರಕಾರ ಮೊದಲೇ ನಿಗದಿಯಾಗಿರುತ್ತದೆ, ನಾಲ್ಕು ವರ್ಷ ಅಗ್ಗ. ಪರ್ಡಿ 2022ರಲ್ಲಿ 262ನೇ, ಅಂದರೆ ಕಟ್ಟಕಡೆಯ ಆಯ್ಕೆಯಾಗಿ ಬಂದವರು. ಅವರು ವರ್ಷಕ್ಕೆ ಸುಮಾರು ಹತ್ತು ಲಕ್ಷ ಡಾಲರ್‌ಗೆ ಆಡುತ್ತಿದ್ದುದರಿಂದಲೇ ಬೋಸಾ, ಟ್ರೆಂಟ್, ಮೆಕ್‌ಕ್ಯಾಫ್ರಿ, ಕಿಟಲ್ ಎಲ್ಲರನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳಲು ಸಾಧ್ಯವಾಯಿತು. ಆ ಕಾಲ ಮುಗಿಯಿತು. ಈ ಮಾರ್ಚ್‌ನಲ್ಲಿ ಅಷ್ಟು ಜನ ಹೊರಟುಹೋದದ್ದಕ್ಕೆ ಕಾರಣ ಅದೇ. ಈ ಹನ್ನೊಂದು ಆಯ್ಕೆಗಳಲ್ಲಿ ನಾಲ್ಕೈದು ಜನ ಇದೇ ವರ್ಷ ಕಣಕ್ಕಿಳಿದು ನಿಲ್ಲದಿದ್ದರೆ ನಮ್ಮ ಹಳೆಯ ಆಟಗಾರರ ಕೊನೆಯ ವರ್ಷಗಳು ವ್ಯರ್ಥವಾಗುತ್ತವೆ.

ಕಂಬಳದ ಊರಿನವನು (ಏಪ್ರಿಲ್ 15)

ಯಾರೂ ಶೆಮಾರ್ ಸ್ಟುವರ್ಟ್ ಹೆಸರು ಎತ್ತಲಿಲ್ಲವೇಕೆ? ಟೆಕ್ಸಸ್ ಎ ಆ್ಯಂಡ್ ಎಂ. 267 ಪೌಂಡ್ ತೂಕ, 40 ಗಜವನ್ನು 4.59 ಸೆಕೆಂಡ್‌ನಲ್ಲಿ ಓಡಿದ್ದಾನೆ, ನಿಂತಲ್ಲಿಂದ 40 ಅಂಗುಲ ಜಿಗಿದಿದ್ದಾನೆ.

ಮೂರು ವರ್ಷದಲ್ಲಿ ನಾಲ್ಕೂವರೆ ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾತ್ರ ಎಂದು ಎಲ್ಲರೂ ಮೂಗು ಮುರಿಯುತ್ತಾರೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೋಣ ಸಾಕುತ್ತಿದ್ದೆವು. ಕರುವನ್ನು ಕೊಳ್ಳುವಾಗ ಅಜ್ಜ ನೋಡುತ್ತಿದ್ದದ್ದು ಗೊರಸು, ಕಾಲಿನ ಎಲುಬು, ಬೆನ್ನಿನ ನೇರ, ನಡೆಯುವಾಗ ಹಿಂಗಾಲು ಬೀಳುವ ಜಾಗ. ಗೆದ್ದ ಪದಕವನ್ನು ನೋಡಿ ಕರು ತರಲಾಗುವುದಿಲ್ಲ, ಏಕೆಂದರೆ ಅದು ಇನ್ನೂ ಓಡಿಲ್ಲ. ಸ್ಟುವರ್ಟ್‌ನ ಪಂದ್ಯಗಳನ್ನು ಮತ್ತೆ ಮತ್ತೆ ನೋಡಿ. ಕ್ವಾರ್ಟರ್‌ಬ್ಯಾಕ್ ಹತ್ತಿರ ಪ್ರತಿ ಸಲವೂ ತಲುಪುತ್ತಾನೆ, ಒಂದು ಹೆಜ್ಜೆ ತಡವಾಗುತ್ತದೆ. ಆ ಒಂದು ಹೆಜ್ಜೆಯನ್ನು ನಮ್ಮ ಲೈನ್ ತರಬೇತುದಾರ ಕ್ರಿಸ್ ಕೋಸುರೆಕ್ ಕಲಿಸಬಲ್ಲರು. 40 ಅಂಗುಲದ ಜಿಗಿತವನ್ನು ಯಾರೂ ಕಲಿಸಲಾರರು.

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 15)

ನಿಮ್ಮ ಅಜ್ಜ ಕೊಂಡದ್ದು ಓಡದ ಕರುವನ್ನು. ಇವನು ಮೂರು ವರ್ಷ ಓಡಿದ್ದಾನೆ, ಮೂರು ವರ್ಷವೂ ಒಂದೂವರೆ, ಒಂದೂವರೆ, ಒಂದೂವರೆ. ಇದು ಬೆಳೆಯದ ಅಂಕಿ. ಹನ್ನೊಂದನೇ ಆಯ್ಕೆಯನ್ನು ಬರಿಯ ನಂಬಿಕೆಯ ಮೇಲೆ ಕೊಡಲು ನನಗೆ ಧೈರ್ಯವಿಲ್ಲ.

ಕೆಂಪು ಬಂಗಾರ (ಏಪ್ರಿಲ್ 15)

ಈ ವಿಷಯದಲ್ಲಿ ಸಂಜೆಯವರ ಜೊತೆಗಿದ್ದೇನೆ. ಆದರೆ ಸ್ಯಾಕ್ ಒಂದನ್ನೇ ಎಣಿಸುವವರು ಮೈಕೆಲ್ ವಿಲಿಯಮ್ಸ್‌ಗೂ ಅನ್ಯಾಯ ಮಾಡುತ್ತಾರೆ. ಕಳೆದ ಋತುವಿನ ಮೊದಲ ಪಂದ್ಯದಲ್ಲೇ, ಕ್ಲೆಮ್ಸನ್ ವಿರುದ್ಧ, ಅವನ ಪಾದದ ಕೀಲು ಉಳುಕಿತು. ಎರಡು ಪಂದ್ಯ ಬಿಟ್ಟು, ಪೂರ್ತಿ ಗುಣವಾಗದ ಕಾಲಿನಲ್ಲೇ ಮರಳಿದ. ಹಾಗಿದ್ದೂ ಐದು ಸ್ಯಾಕ್. ಅದರಲ್ಲಿ ಎರಡು ಆಸ್ಟಿನ್‌ನಲ್ಲಿ, ಟೆಕ್ಸಸ್ ವಿರುದ್ಧ. ಟೆಕ್ಸಸ್ ಎಂದರೆ ಕೆಲ್ವಿನ್ ಬ್ಯಾಂಕ್ಸ್ ತಂಡ! ಮೂರು ವರ್ಷ ಸೇರಿ 14. ಓಟವನ್ನು ತಡೆಯುವಾಗ ಅವನ ಕೈ ನೋಡಿ, ಎದುರಿನವನ ಎದೆಯ ಮೇಲೆ ಬಿದ್ದ ಕೈ ಕದಲುವುದಿಲ್ಲ. ವಯಸ್ಸು 20. ಇನ್ನೂ ಬೆಳೆಯುವ ಮೈ.

ಜಾರ್ಜಿಯಾ ಎಂಬುದೂ ಮುಖ್ಯ. ಫಿಲಡೆಲ್ಫಿಯಾದ ಜೇಲನ್ ಕಾರ್ಟರ್, ಜೋರ್ಡನ್ ಡೇವಿಸ್, ನೋಲನ್ ಸ್ಮಿತ್ ಮೂವರೂ ಬಂದದ್ದು ಅಲ್ಲಿಂದಲೇ.

ಪಾಲೊ ಆಲ್ಟೊ ಓದುಗ (ಏಪ್ರಿಲ್ 16)

ಬೊಯಿಸಿ ಸ್ಟೇಟ್‌ನ ಆಷ್ಟನ್ ಜೆಂಟಿ? ಒಂದೇ ಋತುವಿನಲ್ಲಿ 2,601 ಗಜ ಓಡಿದ್ದಾನೆ. ಬ್ಯಾರಿ ಸ್ಯಾಂಡರ್ಸ್ ದಾಖಲೆಗೆ 27 ಗಜ ಕಡಿಮೆ. ಮೆಕ್‌ಕ್ಯಾಫ್ರಿ ಕಳೆದ ವರ್ಷ ನಾಲ್ಕೇ ಪಂದ್ಯ ಆಡಿದ್ದು.

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 16)

ಅದ್ಭುತ ಆಟಗಾರ, ಆದರೆ ಹನ್ನೊಂದರವರೆಗೆ ಉಳಿಯುವುದಿಲ್ಲ. ಉಳಿದರೂ ಬೇಡ. ಶನಹಾನ್ ಕೆಳಗಿನ ಸುತ್ತುಗಳ ಓಟಗಾರರಿಂದಲೇ ಗಜಗಳನ್ನು ತೆಗೆಸಬಲ್ಲರು.

1981ರಿಂದ (ಏಪ್ರಿಲ್ 17)

ನಾನು ಓದಲೆಂದು ಇಲ್ಲಿಗೆ ಬಂದದ್ದು 1981ರ ಬೇಸಿಗೆಯಲ್ಲಿ. ಮರುವರ್ಷ ಜನವರಿ 10ರಂದು ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಜೋ ಮೊಂಟಾನಾ ಎಸೆದ ಚೆಂಡನ್ನು ಡ್ವೈಟ್ ಕ್ಲಾರ್ಕ್ ಮುಗಿಲಿಗೆ ಕೈಚಾಚಿ ಹಿಡಿದರು. ಡಲ್ಲಸ್ ವಿರುದ್ಧ 28–27. ಕೋಣೆಯಲ್ಲಿದ್ದ ಸಣ್ಣ ಟಿವಿಯ ಮುಂದೆ ನಾಲ್ಕು ಜನ ಕನ್ನಡಿಗರು ಎದ್ದು ನಿಂತಿದ್ದೆವು. ಆಟದ ನಿಯಮ ನಮಗೆ ಅರ್ಧವೂ ತಿಳಿದಿರಲಿಲ್ಲ. ಅಂದಿನಿಂದ ಈ ತಂಡ ನನ್ನದು.

ಇಷ್ಟು ವರ್ಷದ ಡ್ರಾಫ್ಟ್‌ಗಳನ್ನು ನೋಡಿದ ಮೇಲೆ ನನಗೆ ಯಾರ ಮೇಲೂ ಖಚಿತವಾದ ಮಾತಾಡಲು ಮನಸ್ಸು ಬರುವುದಿಲ್ಲ. 2005ರಲ್ಲಿ ಮೊದಲ ಆಯ್ಕೆಯೇ ನಮ್ಮದಾಗಿತ್ತು. ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿ ಆಡುತ್ತಿದ್ದ, ಉತ್ತರ ಕ್ಯಾಲಿಫೋರ್ನಿಯಾದಲ್ಲೇ ಬೆಳೆದ, ಈ ತಂಡವನ್ನೇ ಪ್ರೀತಿಸುತ್ತಿದ್ದ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ ಕೈಯಳತೆಯಲ್ಲಿದ್ದರು. ನಾವು ಯೂಟಾದ ಅಲೆಕ್ಸ್ ಸ್ಮಿತ್ ಅವರನ್ನು ತಂದೆವು. ರಾಜರ್ಸ್ 24ರವರೆಗೆ ಕಾದು ಕುಳಿತರು. ಅಲೆಕ್ಸ್ ಒಳ್ಳೆಯ ಮನುಷ್ಯ, ಗಾಯಗಳನ್ನೂ ಅಪಮಾನಗಳನ್ನೂ ನುಂಗಿಕೊಂಡು ಆಡಿದವರು. ಅವರನ್ನು ಹಳಿಯಲಾರೆ. ಆದರೆ ಆ ದಿನದ ನೋವು ಹೋಗಿಲ್ಲ.

2021ರಲ್ಲಿ ಮೂರನೇ ಸ್ಥಾನಕ್ಕೆ ಏರಲು ಮಯಾಮಿಗೆ ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ಕೊಟ್ಟೆವು, ಜೊತೆಗೊಂದು ಮೂರನೇ ಸುತ್ತಿನದು. ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಬಂದ. ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ 2019ರಲ್ಲಿ 28 ಟಚ್‌ಡೌನ್ ಎಸೆದು ಒಂದು ಚೆಂಡನ್ನೂ ಎದುರಾಳಿಗೆ ಕೊಡದ ಹುಡುಗ. ಸಾಂಕ್ರಾಮಿಕದ ವರ್ಷ ಒಂದೇ ಪಂದ್ಯ ಆಡಲು ಸಿಕ್ಕಿತು. ನಮ್ಮಲ್ಲಿ ನಾಲ್ಕು ಪಂದ್ಯ ಆರಂಭಿಸಿದ, 2022ರ ಸೆಪ್ಟೆಂಬರ್‌ನಲ್ಲಿ ಕಾಲು ಮುರಿಯಿತು, ಮರುವರ್ಷ ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಡಲ್ಲಸ್‌ಗೆ ಹೋದ. ಅವನ ಜಾಗದಲ್ಲಿ ನಿಂತದ್ದು 262ನೇ ಆಯ್ಕೆ.

ಈಗ ಹನ್ನೊಂದರ ಮಾತು. 2007ರಲ್ಲಿ ಹನ್ನೊಂದನೆಯವರಾಗಿ ಬಂದದ್ದು ಪ್ಯಾಟ್ರಿಕ್ ವಿಲ್ಲಿಸ್, ಇವತ್ತು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. 2010ರಲ್ಲಿ ಹನ್ನೊಂದನೆಯವರಾಗಿ ಬಂದದ್ದು ಆ್ಯಂಟನಿ ಡೇವಿಸ್, ಬಲ ಟ್ಯಾಕಲ್. ಇಬ್ಬರೂ ಬೇಗ ಆಟ ಬಿಟ್ಟರು, ಇಬ್ಬರೂ ಆಡಿದಷ್ಟು ದಿನ ಗಟ್ಟಿಯಾಗಿ ಆಡಿದರು. ಈ ಅಂಕಿಯಿಂದ ರಕ್ಷಣೆಗೂ ಒಳ್ಳೆಯದಾಗಿದೆ, ಲೈನ್‌ಗೂ ಒಳ್ಳೆಯದಾಗಿದೆ.

ಕೇಳಿದರೆ ನನ್ನ ಮತ ಬ್ಯಾಂಕ್ಸ್‌ಗೆ. ಟ್ರೆಂಟ್ ಪಕ್ಕದಲ್ಲಿ ಒಂದು ವರ್ಷ ನಿಂತು ಕಲಿಯುವ ಭಾಗ್ಯ ಇನ್ನಾವ ಹುಡುಗನಿಗೆ ಸಿಗುತ್ತದೆ?

ಫ್ರೀಮಾಂಟ್‌ನ ಹೊಸ ನೋಡುಗಳು (ಏಪ್ರಿಲ್ 19)

ನಿಮ್ಮೆಲ್ಲರ ಬರಹ ಓದಿ ಮೂರು ದಿನದಿಂದ ಕಾಲೇಜು ಪಂದ್ಯಗಳ ತುಣುಕುಗಳನ್ನೇ ನೋಡುತ್ತಿದ್ದೇನೆ. ಒಂದು ಸಂಗತಿ ವಿಚಿತ್ರವೆನಿಸಿತು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ವಿಲ್ ಕ್ಯಾಂಪ್‌ಬೆಲ್ ಎಂಬ ಟ್ಯಾಕಲ್ ಬಗ್ಗೆ ಬರೆದವರೆಲ್ಲರೂ ಅವನ ತೋಳಿನ ಉದ್ದವನ್ನೇ ಚರ್ಚಿಸುತ್ತಾರೆ. ಡ್ರಾಫ್ಟ್‌ಗೆ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಪರೀಕ್ಷಾ ಶಿಬಿರದಲ್ಲಿ ಅಳೆದಾಗ 33 ಅಂಗುಲಕ್ಕಿಂತ ಸ್ವಲ್ಪ ಕಡಿಮೆ, ಕಾಲೇಜಿನಲ್ಲಿ ಅಳೆದಾಗ ಸರಿಯಾಗಿ 33. ಅರ್ಧ ಅಂಗುಲಕ್ಕೂ ಕಡಿಮೆ ವ್ಯತ್ಯಾಸಕ್ಕೆ ಇಷ್ಟು ಮಾತೇ? ನಾನು ಶಾಲೆಯಲ್ಲಿ ಕಬಡ್ಡಿ ಆಡಿದವಳು. ಮೂಲೆಯಲ್ಲಿ ನಿಂತು ಕಾಲು ಹಿಡಿಯುವವಳಿಗೆ ಬೇಕಾದದ್ದು ಉದ್ದ ಕೈಯಲ್ಲ, ರೈಡರ್ ತೂಕ ಬದಲಿಸುವ ಗಳಿಗೆ ತಿಳಿಯುವ ಕಣ್ಣು.

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 19)

ಟ್ಯಾಕಲ್ ಆಟದಲ್ಲಿ ಕೈ ಉದ್ದವಿದ್ದವನು ಮೊದಲು ಮುಟ್ಟುತ್ತಾನೆ, ಮೊದಲು ಮುಟ್ಟಿದವನು ಎದುರಾಳಿಯ ದಿಕ್ಕನ್ನು ನಿರ್ಧರಿಸುತ್ತಾನೆ. ಹಾಗಾಗಿ ಅಳತೆಗೆ ಬೆಲೆಯಿದೆ. ಆದರೆ ನಿಮ್ಮ ಮಾತಿನಲ್ಲಿ ನನಗೆ ಹೆಚ್ಚು ಸತ್ಯ ಕಾಣಿಸುತ್ತದೆ. ಮೆಂಬೂನ ಪಾದಗಳನ್ನು ಗಮನಿಸಿ. 332 ಪೌಂಡ್‌ನ ಮೈ, ಎದುರಿನವನು ಒಳಗೆ ತಿರುಗಿದ ಕ್ಷಣವೇ ಇವನ ಹೆಜ್ಜೆಯೂ ಒಳಗೆ ಬಿದ್ದಿರುತ್ತದೆ. ನೀವು ಹೇಳಿದ ಕಣ್ಣು ಇದೇ.

ಫ್ರೀಮಾಂಟ್‌ನ ಹೊಸ ನೋಡುಗಳು (ಏಪ್ರಿಲ್ 19)

ನೋಡಿದೆ. ಹಾಗಾದರೆ ನನ್ನ ಆಯ್ಕೆ ಮೆಂಬೂ. ಮಿಸೌರಿಯಲ್ಲಿ ಬಲಗಡೆ ಆಡಿದ್ದಾನೆ, ಇಲ್ಲಿಯೂ ಬಲಗಡೆ ಆರಂಭಿಸಲಿ.

ಬೆಳಗಿನ ಐದೂವರೆ (ಏಪ್ರಿಲ್ 24, ಗುರುವಾರ ಸಂಜೆ, ಸಾಂತಾ ಕ್ಲಾರಾ ಸಮಯ)

ಇಲ್ಲಿ ಇನ್ನೂ ಕತ್ತಲು, ಕಾಫಿ ಕೈಯಲ್ಲಿದೆ. ಡ್ರಾಫ್ಟ್ ನಡೆಯುತ್ತಿರುವ ಗ್ರೀನ್ ಬೇಯಲ್ಲಿ ಜನಸಾಗರ. ಮೊದಲು ಕ್ಯಾಮ್ ವಾರ್ಡ್, ಟೆನಿಸಿಗೆ. ಎರಡನೆಯದಕ್ಕೆ ಜಾಕ್ಸನ್‌ವಿಲ್ ಕ್ಲೀವ್‌ಲ್ಯಾಂಡ್ ಜೊತೆ ಜಾಗ ಬದಲಿಸಿ ಟ್ರಾವಿಸ್ ಹಂಟರ್‌ನನ್ನು ಎತ್ತಿಕೊಂಡಿತು! ಮೂರು, ಅಬ್ದುಲ್ ಕಾರ್ಟರ್, ನ್ಯೂಯಾರ್ಕ್ ಜಯಂಟ್ಸ್.

ಸಾಂತಾ ಕ್ಲಾರಾ ಸಂಜೆ

ನಾಲ್ಕು, ಕ್ಯಾಂಪ್‌ಬೆಲ್, ನ್ಯೂ ಇಂಗ್ಲೆಂಡ್. ಒಬ್ಬ ಟ್ಯಾಕಲ್ ಹೋದ. ಇಬ್ಬರಿದ್ದಾರೆ.

ಕೆಂಪು ಬಂಗಾರ

ಐದು, ಮೇಸನ್ ಗ್ರಹಾಂ, ಕ್ಲೀವ್‌ಲ್ಯಾಂಡ್. ನನ್ನ ಕನಸು ಮುಗಿಯಿತು. ಆರು, ಜೆಂಟಿ, ಲಾಸ್ ವೇಗಸ್.

ಫ್ರೀಮಾಂಟ್‌ನ ಹೊಸ ನೋಡುಗಳು

ಏಳು, ಮೆಂಬೂ. ನ್ಯೂಯಾರ್ಕ್ ಜೆಟ್ಸ್. ಐದು ದಿನದ ಹಿಂದೆ ಹೆಸರೂ ಗೊತ್ತಿರದ ಹುಡುಗನಿಗಾಗಿ ಇಷ್ಟು ಬೇಸರವಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಸಾಂತಾ ಕ್ಲಾರಾ ಸಂಜೆ

ಎಂಟು, ಮೆಕ್‌ಮಿಲನ್, ಕ್ಯಾರೊಲೈನಾ. ಒಂಬತ್ತು, ನ್ಯೂ ಆರ್ಲಿಯನ್ಸ್. ಬ್ಯಾಂಕ್ಸ್. ಎರಡೇ ಹೆಜ್ಜೆ ಇತ್ತು.

ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತೇನೆ.

ಕೆಂಪು ಬಂಗಾರ

ಹತ್ತು, ಕೋಲ್ಸ್ಟನ್ ಲವ್‌ಲ್ಯಾಂಡ್, ಶಿಕಾಗೋ. ಈಗ ನಮ್ಮ ಸರದಿ. ಜೇಲನ್ ವಾಕರ್ ಇದ್ದಾನೆ, ವಾಲ್ಟರ್ ನೋಲನ್ ಇದ್ದಾನೆ, ಸ್ಟುವರ್ಟ್ ಇದ್ದಾನೆ, ವಿಲಿಯಮ್ಸ್ ಇದ್ದಾನೆ.

ಮೈಕೆಲ್ ವಿಲಿಯಮ್ಸ್! ಜಾರ್ಜಿಯಾ! ಬೋಸಾ ಎದುರಿನ ತುದಿಗೆ ಕೊನೆಗೂ ಒಬ್ಬ ಬಂದ!

ಕಂಬಳದ ಊರಿನವನು

ನನ್ನ ಹುಡುಗನಲ್ಲ, ಆದರೂ ಸಂತೋಷವಾಗಿದೆ. ಇವನ ಎಲುಬೂ ಒಳ್ಳೆಯದು.

ಸಾಂತಾ ಕ್ಲಾರಾ ಸಂಜೆ (ಅದೇ ರಾತ್ರಿ)

ಮರಳಿ ಬಂದೆ. ಮೂವರು ಟ್ಯಾಕಲ್‌ಗಳೂ ಹೋದ ಮೇಲೆ ಇದನ್ನು ತಪ್ಪು ಎನ್ನಲಾರೆ. ಅಲಬಾಮಾದ ಗಾರ್ಡ್ ಟೈಲರ್ ಬುಕರ್ ನಮ್ಮ ಹಿಂದೆಯೇ ಹನ್ನೆರಡರಲ್ಲಿ ಡಲ್ಲಸ್‌ಗೆ ಹೋದ, ಅವನನ್ನಾದರೂ ತರಬಹುದಿತ್ತು ಎಂಬ ಆಸೆ ಒಳಗೆ ಇದ್ದೇ ಇದೆ. ನಾರ್ತ್ ಡಕೋಟಾ ಸ್ಟೇಟ್‌ನ ಗ್ರೇ ಝೇಬಲ್ 18ರಲ್ಲಿ ಸಿಯಾಟಲ್‌ಗೆ ಹೋದ. ಇನ್ನು ವರ್ಷಕ್ಕೆ ಎರಡು ಸಲ ಅವನ ಎದುರೇ ಆಡಬೇಕು. ನಾಳೆ 43ನೇ ಆಯ್ಕೆಯಲ್ಲಿ ಲೈನ್‌ಗೆ ಯಾರಾದರೂ ಬರುತ್ತಾರೆ ಎಂದು ನಂಬಿ ಮಲಗುತ್ತೇನೆ.

ಬೆಳಗಿನ ಐದೂವರೆ (ಏಪ್ರಿಲ್ 26)

43: ಆಲ್‌ಫ್ರೆಡ್ ಕಾಲಿನ್ಸ್, ಟೆಕ್ಸಸ್, ರಕ್ಷಣಾ ಟ್ಯಾಕಲ್. 75: ನಿಕ್ ಮಾರ್ಟಿನ್, ಒಕ್ಲಹೋಮಾ ಸ್ಟೇಟ್, ಲೈನ್‌ಬ್ಯಾಕರ್. 100: ಅಪ್ಟನ್ ಸ್ಟೌಟ್, ವೆಸ್ಟರ್ನ್ ಕೆಂಟಕಿ, ಕಾರ್ನರ್. 113: ಸಿಜೆ ವೆಸ್ಟ್, ಇಂಡಿಯಾನಾ, ಮತ್ತೊಬ್ಬ ರಕ್ಷಣಾ ಟ್ಯಾಕಲ್. ಮೊದಲ ಐದೂ ರಕ್ಷಣೆಗೆ.

ಕೆಂಪು ಬಂಗಾರ (ಏಪ್ರಿಲ್ 26)

ಸಾಲೆ ಕೇಳಿದ್ದೆಲ್ಲವನ್ನೂ ಕೊಟ್ಟಿದ್ದಾರೆ. ಕಾಲಿನ್ಸ್ 330 ಪೌಂಡ್‌ಗಿಂತ ಹೆಚ್ಚು ತೂಗುತ್ತಾನೆ, ಮಧ್ಯದಲ್ಲಿ ನಿಂತರೆ ಜೇಕಬ್ಸ್ ಅಂಥವರು ಸುತ್ತಿ ಹೋಗಬೇಕು. ಗ್ರೀನ್ ಬೇ ರಾತ್ರಿಯ ನಂತರ ನಾನು ಬಯಸಿದ್ದು ಇದನ್ನೇ. ಸಂಜೆಯವರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಅದನ್ನು ಕಡಿಮೆ ಎಂದು ನಾನು ಎಣಿಸುವುದಿಲ್ಲ.

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 26)

ಐದನೇ ಆಯ್ಕೆಯ ನಂತರ ಒಬ್ಬ ಹಿಡಿತಗಾರ, ಒಬ್ಬ ಓಟಗಾರ, ಒಬ್ಬ ಸೇಫ್ಟಿ. ಏಳನೇ ಸುತ್ತಿನಲ್ಲಿ ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ ಕುರ್ಟಿಸ್ ರೂರ್ಕ್, ಮೊಣಕಾಲಿನ ಅಸ್ಥಿಬಂಧ ಹರಿದಿದ್ದರೂ ಇಡೀ ಋತು ಆಡಿದ ಹುಡುಗ. ಅವನ ಮನೋಬಲಕ್ಕೆ ನಮಸ್ಕಾರ. ಆಮೇಲೆ, ಹನ್ನೊಂದರಲ್ಲಿ ಹತ್ತನೆಯದಾಗಿ, ಲೈನ್‌ಗೆ ಒಬ್ಬನೇ ಒಬ್ಬ: ಕಾನರ್ ಕೋಲ್ಬಿ, ಅಯೋವಾ, ಗಾರ್ಡ್. 249ನೇ ಆಯ್ಕೆ.

ಟ್ರೆಂಟ್‌ಗೆ 37 ಆಗುತ್ತಿದೆ. ಅವರ ಹಿಂದೆ ನಿಲ್ಲಲು ನಾವು ಈ ವರ್ಷ ಒಬ್ಬ ಟ್ಯಾಕಲ್‌ನನ್ನೂ ತರಲಿಲ್ಲ. ಕೋಪವಲ್ಲ, ನಿಜವಾಗಿ ಭಯವಾಗುತ್ತಿದೆ.

1981ರಿಂದ (ಏಪ್ರಿಲ್ 26)

ಭಯ ಸಹಜ. ಆದರೆ ಕೋಲ್ಬಿ ಬಂದದ್ದು ಅಯೋವಾದಿಂದ. ವರ್ಫ್ಸ್ ಕಲಿತದ್ದೂ ಅಲ್ಲೇ, ನಮ್ಮ ಜಾರ್ಜ್ ಕಿಟಲ್ ಕೂಡ ಅಲ್ಲಿಂದಲೇ, ಐದನೇ ಸುತ್ತಿನಲ್ಲಿ. ಆ ಕಾಲೇಜಿನವರಿಗೆ ಅಡ್ಡಗಟ್ಟುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನೊಂದು ಸಂಗತಿ. 249 ಎಂದು ಓದಿದ ಕೂಡಲೇ ಎದ್ದುಹೋಗಿ ಹಳೆಯ ಪುಸ್ತಕ ತೆಗೆದು ನೋಡಿದೆ. 1979ರಲ್ಲಿ ಆಗಿನ ನಮ್ಮ ತರಬೇತುದಾರ ಬಿಲ್ ವಾಲ್ಶ್ ಕ್ಲೆಮ್ಸನ್‌ಗೆ ಹೋದದ್ದು ಸ್ಟೀವ್ ಫುಲ್ಲರ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಪರೀಕ್ಷಿಸಲು. ಎಸೆದ ಚೆಂಡನ್ನು ಹಿಡಿಯಲು ಒಬ್ಬ ಬೇಕಿತ್ತು, ಫುಲ್ಲರ್ ಜೊತೆ ವಾಸವಿದ್ದ ಗೆಳೆಯ ಬಂದ. ವಾಲ್ಶ್ ಫುಲ್ಲರ್‌ನನ್ನು ಬಿಟ್ಟು ಆ ಗೆಳೆಯನನ್ನು ಹತ್ತನೇ ಸುತ್ತಿನಲ್ಲಿ ಆರಿಸಿದರು. ಡ್ವೈಟ್ ಕ್ಲಾರ್ಕ್. ಆಯ್ಕೆಯ ಸಂಖ್ಯೆ 249.

ಸಾಂತಾ ಕ್ಲಾರಾ ಸಂಜೆ (ಏಪ್ರಿಲ್ 26)

ಇದನ್ನು ಮಗಳಿಗೆ ಓದಿ ಹೇಳಿದೆ. ಕೋಲ್ಬಿ ಯಾವ ಸಂಖ್ಯೆಯ ಅಂಗಿ ತೊಡುತ್ತಾನೆ ಎಂದು ಕೇಳುತ್ತಿದ್ದಾಳೆ. ಜುಲೈಯಲ್ಲಿ ತರಬೇತಿ ಶಿಬಿರ ಶುರುವಾದಾಗ ಇಬ್ಬರೂ ಹೋಗಿ ನೋಡಿಕೊಂಡು ಬಂದು ತಿಳಿಸುತ್ತೇವೆ.